ಒಡೆದ ಗಾಜಿಗೆ ಜಡ್ಜ್ ಸಾಹೇಬರ ತೀರ್ಪು

ನಿವೃತ್ತರಾದ ಮೇಲೆ ಜಡ್ಜ್ ಸಾಹೇಬರ ಹತ್ತಿರ ತೀರ್ಪು ಕೇಳಿಕೊಂಡು ಬರುವವರು ಯಾರೂ ಇರಲಿಲ್ಲ. ಮನೆಯಲ್ಲಿ ಇದ್ದದ್ದು ಅವರ ಅಕ್ಕ ಒಬ್ಬರೇ. ಅಕ್ಕ ದೊಡ್ಡ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ವಾರ್ಡಿನಲ್ಲಿ ಡಾಕ್ಟರುಗಳಿಗೂ ಸೇರಿಸಿ ಎಲ್ಲರಿಗೂ ತಾವೇ ತೀರ್ಪು ಹೇಳಿ ಅಭ್ಯಾಸವಾಗಿದ್ದರಿಂದ ಅವರಿಗೆ ತಮ್ಮನ ತೀರ್ಪಿನ ಅಗತ್ಯ ಬೀಳುತ್ತಿರಲಿಲ್ಲ. ಇಬ್ಬರೂ ಬಾಳಸಂಗಾತಿಗಳನ್ನು ಕಳೆದುಕೊಂಡ ಮೇಲೆ ಮೂರನೇ ಮಹಡಿಯ ಫ್ಲಾಟಿನಲ್ಲಿ ಒಟ್ಟಿಗೆ ಇದ್ದರು. ಹೊರಗಿನವರಿಗೆ ಅವರು ಜಡ್ಜ್ ಸಾಹೇಬರು, ಅಕ್ಕನಿಗೆ ಮಾತ್ರ ಪುಟ್ಟು. ನಾಲ್ಕು ಜನರೆದುರು ಹಾಗೆ ಕರೆಯಬೇಡ ಎಂದು ಎಷ್ಟೋ ಸಲ ಕೇಳಿಕೊಂಡಿದ್ದರು. ಅಕ್ಕ ಆಗಲಪ್ಪ ಎಂದು ಒಪ್ಪಿ, ಮರುಗಳಿಗೆಗೇ ಮರೆಯುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಎದುರು ಫ್ಲಾಟಿನ ಹಲ್ಲಿನ ಡಾಕ್ಟರು ಬಾಗಿಲು ತಟ್ಟಿದರು. ಕಟ್ಟಡದ ನಿವಾಸಿಗಳ ಸಂಘಕ್ಕೆ ಅವರೇ ಅಧ್ಯಕ್ಷರು.

"ಸಾಹೇಬ್ರೆ, ನಿಮ್ಮಿಂದ ಒಂದು ಬರವಣಿಗೆ ಆಗಬೇಕಿತ್ತು. ನಿರ್ಣಯ ಅಂತ ಹೆಸರು, ಆದರೆ ತೀರ್ಪಿನ ಥರ ಇರಬೇಕು."

ಸಾಹೇಬರ ಮುಖದಲ್ಲಿ ಬೆಳಕು ಹತ್ತಿಕೊಂಡಿತು. ಅದನ್ನು ಮುಚ್ಚಿಡಲು ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ನನಗೆಲ್ಲಿ ಪುರುಸೊತ್ತು ಡಾಕ್ಟ್ರೆ," ಎಂದರು.

"ನೆನ್ನೆಯಿಂದ ಮೂರು ಸಲ ಪೇಪರ್ ಓದಿದ್ದಾನೆ. ಈಗ ಜಾಹೀರಾತಿಗೆ ಬಂದಿದ್ದಾನೆ. ಕೂತ್ಕೊಳ್ಳಿ," ಎಂದು ಅಕ್ಕ ಒಳಗಿನಿಂದಲೇ ಹೇಳಿದರು.

ಹಿಂದಿನ ದಿನ ನಡೆದಿದ್ದು ಇಷ್ಟು. ಆ ಕಟ್ಟಡಕ್ಕೆ ಎರಡು ಲಿಫ್ಟು. ಬೀದಿ ಕಡೆಯ ದೊಡ್ಡ ಗಾಜಿನ ಬಾಗಿಲು ತಳ್ಳಿಕೊಂಡು ಬಂದು, ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್ ಮೇಲೆ ನಡೆದರೆ ಮೊದಲನೆಯದು ಸಿಗುತ್ತದೆ. ಎರಡನೆಯದು ಹಿತ್ತಲ ಕಡೆ, ಕಸದ ಡಬ್ಬಿಗಳ ಪಕ್ಕ. ಮುಂದಿನ ಲಿಫ್ಟಿನ ಪಕ್ಕದ ಗೋಡೆಗೆ ಒಂದು ಬೋರ್ಡು: 'ಮನೆಗೆಲಸದವರು, ಡ್ರೈವರುಗಳು, ರಿಪೇರಿಯವರು ಹಾಗೂ ಸಾಕುಪ್ರಾಣಿಗಳು ಹಿಂದಿನ ಲಿಫ್ಟನ್ನೇ ಬಳಸತಕ್ಕದ್ದು.' ಊರಿನ ಹೆಚ್ಚುಕಮ್ಮಿ ಎಲ್ಲ ಕಟ್ಟಡಗಳಲ್ಲೂ ಇಂಥದ್ದೇ ಒಂದು ಬೋರ್ಡು ಇತ್ತು. ಅದನ್ನು ತೆಗೆಸಬೇಕೆಂದು ಅಡುಗೆಯವರು, ಡ್ರೈವರುಗಳು, ಇಸ್ತ್ರಿಯವರು ಸೇರಿ 'ಒಂದೇ ಬಾಗಿಲು' ಎಂಬ ಚಳವಳಿ ಶುರುಮಾಡಿದ್ದರು. ಭಾನುವಾರ ಬಂತೆಂದರೆ ಒಂದೊಂದು ಬೀದಿಯಲ್ಲಿ ಅವರ ಮೆರವಣಿಗೆ. ಬರುತ್ತಿದ್ದರು, ಕೂಗುತ್ತಿದ್ದರು, ಹೋಗುತ್ತಿದ್ದರು. ಈ ಸಲ ಮೆಟ್ಟಿಲಿನ ತನಕ ಬಂದರು. ಯಾರೋ ಒಳಗೆ ನುಸುಳಿ ಬೋರ್ಡಿಗೆ ಕೆಂಪು ಬಣ್ಣ ಬಳಿದರು. ಇನ್ಯಾರೋ ಏನನ್ನೋ ಬೀಸಿದರು, ಬಾಗಿಲಿನ ಗಾಜು ಅಷ್ಟೂ ಸುರಿದುಹೋಯಿತು. ಬಾಗಿಲಿನ ಪಕ್ಕದಲ್ಲೇ ನಿಂತಿದ್ದ ವಾಚ್‌ಮನ್ ತಾತನ ಅಂಗೈ ಕೊಯ್ದು ಹೋಗಿ, ಅಕ್ಕನೇ ಕೆಳಗಿಳಿದು ಪಟ್ಟಿ ಕಟ್ಟಿ, ಹೊಲಿಗೆ ಹಾಕಿಸಿಕೊಂಡು ಬಾ ಎಂದು ಆಸ್ಪತ್ರೆಗೆ ಅಟ್ಟಿದ್ದರು.

ಹಲ್ಲಿನ ಡಾಕ್ಟರು ಜೇಬಿನಿಂದ ಒಂದು ಚೀಟಿ ತೆಗೆದರು. "ಎರಡೇ ಸಾಲು ಸಾಕು. ಒಂದೇ ಬಾಗಿಲು ಅನ್ನೋದು ದ್ವೇಷದ ಗುಂಪು. ಅದರಲ್ಲಿ ಇರೋರು ಯಾರೂ ನಮ್ಮ ಬಿಲ್ಡಿಂಗಲ್ಲಿ ಕೆಲಸಕ್ಕೆ ಬರೋ ಹಾಗಿಲ್ಲ."

"ಮೊದಲನೇ ಸಾಲು ಯಾಕೆ ಬೇಕು?"

"ಸುಮ್ನೆ ಕೆಲಸದಿಂದ ತೆಗೆದರೆ ಜನ ಏನಂತಾರೆ? ಕಾರಣ ಗಟ್ಟಿ ಇರಬೇಕು ನೋಡಿ. ದ್ವೇಷ ಅಂದ್ಬಿಟ್ರೆ ಯಾರೂ ಬಾಯಿ ತೆರೆಯಲ್ಲ. ಒಳ್ಳೆ ಭಾಷೆ ಹಾಕಿ ಬರೆದುಕೊಡಿ. ಭಾನುವಾರ ಮೀಟಿಂಗು."

ಅಷ್ಟು ಹೊತ್ತು ಅಡುಗೆಮನೆಯಿಂದ ಒಂದೇ ಸಮನೆ ಕೇಳುತ್ತಿದ್ದ ತರಕಾರಿ ಹೆಚ್ಚುವ ಸದ್ದು ನಿಂತಿತು. ಡಾಕ್ಟರು ಅದನ್ನು ಗಮನಿಸಲಿಲ್ಲ. ಸಾಹೇಬರು ಗಮನಿಸಿದರು. ಆ ಮನೆಯ ಅಡುಗೆಯಮ್ಮ ಒಂದೇ ಬಾಗಿಲಿನವರ ಮೆರವಣಿಗೆಯಲ್ಲಿ ಪ್ರತಿ ವಾರ ಮುಂದಿನ ಸಾಲಿನಲ್ಲೇ ಇರುತ್ತಿದ್ದರು. ಕೂಗುವುದಕ್ಕೆ ಗಂಟಲು ಚೆನ್ನಾಗಿರಲಿ ಎಂದು ಶನಿವಾರ ರಾತ್ರಿ ಬಿಸಿನೀರು ಕುಡಿಯುತ್ತಿದ್ದರು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಎತ್ತದ ವಿಷಯ.

ಡಾಕ್ಟರು ಹೋದ ಮೇಲೆ ಅಡುಗೆಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ಸಾಹೇಬ್ರೆ, ಒಂದು ಮಾತು. ನಾನು ನಿಮ್ಮನ್ನ ದ್ವೇಷ ಮಾಡ್ತೀನಾ?"

"ವಿಚಾರಣೆ ಇನ್ನೂ ಶುರು ಆಗಿಲ್ಲ. ಈಗಲೇ ಏನೂ ಹೇಳೋಕಾಗಲ್ಲ," ಎಂದರು ಸಾಹೇಬರು.

"ಕೆಲವು ದಿನ ಉಪ್ಪು ನೋಡಿದ್ರೆ ನನಗೂ ಅನುಮಾನ ಬರುತ್ತೆ," ಎಂದರು ಅಕ್ಕ.

ಅಡುಗೆಯಮ್ಮ ನಗಲಿಲ್ಲ. "ನೀವು ಆ ಎರಡು ಸಾಲು ಬರೆದರೆ ಈ ಬಿಲ್ಡಿಂಗಲ್ಲಿ ನನ್ನ ನಾಲ್ಕು ಮನೆ ಹೋಗುತ್ತೆ. ತಿಳಿದಿರಲಿ ಅಂತ ಹೇಳ್ದೆ," ಎಂದು ಒಳಗೆ ಹೋದರು. ಮತ್ತೆ ಹೆಚ್ಚುವ ಸದ್ದು ಶುರುವಾಯಿತು, ಮೊದಲಿಗಿಂತ ಜೋರಾಗಿ.

ಸಾಹೇಬರು ಮೇಜಿನ ಮುಂದೆ ಕೂತರು. ಬಿಳಿ ಹಾಳೆಯನ್ನು ನೇರ ಮಾಡಿದರು, ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಗಾಜು ಒಡೆದಿದ್ದು ಅಪರಾಧ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಪರಾಧ ಒಬ್ಬನ ಕೈಯದು, ದ್ವೇಷ ಅನ್ನುವುದು ಅಷ್ಟೂ ಜನರ ಎದೆಯದು. ಒಂದರಿಂದ ಇನ್ನೊಂದಕ್ಕೆ ಹೇಗೆ ದಾಟುವುದು ಎಂದು ಅವರಿಗೆ ಹೊಳೆಯಲಿಲ್ಲ. ದಾಟಬಾರದು ಎಂದು ಹೇಳಿಬಿಡುವುದಕ್ಕೂ ಧೈರ್ಯ ಬರಲಿಲ್ಲ, ಏಕೆಂದರೆ ಗಾಜು ಒಡೆಯುವುದರಿಂದಲೇ ಶುರುಮಾಡಿ ಮನೆ ಸುಡುವ ತನಕ ಹೋದ ಗುಂಪುಗಳನ್ನು ಅವರು ಕಟಕಟೆಯಲ್ಲಿ ಕಂಡಿದ್ದರು.

"ಸಾಕ್ಷಿ ಕೇಳದೆ ಬರೆಯಲ್ಲ," ಎಂದು ಎದ್ದರು.

"ಚಪ್ಪಲಿ ಹಾಕ್ಕೊಂಡು ಹೋಗು," ಎಂದರು ಅಕ್ಕ.

ವಾಚ್‌ಮನ್ ತಾತ ಗೇಟಿನ ಪಕ್ಕದ ಸಣ್ಣ ಕೋಣೆಯಲ್ಲಿ, ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು ಕೂತಿದ್ದರು. ಮುಂಬಾಗಿಲಿಗೆ ಗಾಜಿನ ಜಾಗದಲ್ಲಿ ಪ್ಲೈವುಡ್ ಹಲಗೆ ಬಡಿದಿತ್ತು. ಸಾಹೇಬರು ಸ್ಟೂಲಿನ ಮೇಲೆ ಕೂತು, ಕೋರ್ಟಿನ ಗತ್ತಿನಲ್ಲಿ ಕೇಳಿದರು: "ಅವರಿಗೆ ನಿಮ್ಮ ಮೇಲೆ ದ್ವೇಷ ಇತ್ತು ಅಂತ ನಿಮಗೆ ಅನ್ನಿಸ್ತಾ?"

"ಅವರಿಗಿತ್ತೋ ಇಲ್ವೋ ಗೊತ್ತಿಲ್ಲ ಸಾರ್. ನನಗೆ ಈಗ ಇದೆ. ಎಡಗೈಯಲ್ಲಿ ಷರಟಿನ ಗುಂಡಿ ಹಾಕಿ ನೋಡಿ, ನಿಮಗೂ ಬರುತ್ತೆ."

"ಯಾರ ಮೇಲೆ? ಎಲ್ಲರ ಮೇಲೂನಾ?"

ತಾತ ಯೋಚಿಸಿದರು. "ಎಲ್ಲರ ಮೇಲೆ ಹೇಗೆ ಆಗುತ್ತೆ? ನನ್ನ ಹೆಂಡತೀನೂ ಅದೇ ಮೆರವಣಿಗೇಲಿ ಇದ್ಲು. ನನ್ನನ್ನ ನೋಡಿ ಕೈ ಬೀಸಿದ್ಲು. ನಾನು ಡ್ಯೂಟಿ ಮೇಲೆ ಇದ್ದೆ, ಬೀಸಲಿಲ್ಲ. ಅದಕ್ಕೆ ಮನೇಲಿ ಬೇರೆ ಜಗಳ. ನನಗೆ ಸಿಟ್ಟಿರೋದು ಆ ಕೈ ಎತ್ತಿದವನ ಮೇಲೆ. ಇನ್ನೂ ಒಂದು ಸಿಟ್ಟು ಇದೆ. ಆಮೇಲೆ ಒಬ್ಬರಾದರೂ ಬಂದು ಹೇಗಿದ್ದೀಯ ಅಂತ ಕೇಳಲಿಲ್ಲ. ಆ ಕಡೆಯವರೂ ಇಲ್ಲ, ಈ ಕಡೆಯವರೂ ಇಲ್ಲ. ನಿಮ್ಮಕ್ಕ ಸಿಸ್ಟರಮ್ಮ ಒಬ್ಬರು ಬಿಟ್ಟರೆ."

ಈ ಕಡೆಯವರಲ್ಲಿ ತಾವೂ ಒಬ್ಬರು ಎಂದು ಸಾಹೇಬರಿಗೆ ನೆನಪಾಯಿತು. "ನೋವಿದೆಯಾ?" ಎಂದು ತಡವಾಗಿ ಕೇಳಿದರು.

"ಈಗ ಕೇಳಿದ್ರಲ್ಲ, ಅರ್ಧ ಕಮ್ಮಿ ಆಯ್ತು," ಎಂದರು ತಾತ. ಅದು ತಮಾಷೆಯೋ ಅಲ್ಲವೋ ಎಂದು ತಿಳಿಯದೆ ಸಾಹೇಬರು ಮೇಲೆ ಬಂದರು.

ಒಂದೇ ಬಾಗಿಲಿನವರ ಸಭೆ ಗುರುವಾರ ಸಂಜೆ ಇಸ್ತ್ರಿಯಮ್ಮನ ಅಂಗಡಿಯಲ್ಲಿ ಎಂದು ಅಡುಗೆಯಮ್ಮನೇ ಹೇಳಿದ್ದರು. "ಬೇಕಾದ್ರೆ ಬಂದು ಕಣ್ಣಾರೆ ನೋಡಿ. ಆದ್ರೆ ನಾನು ಕರೆದೆ ಅಂತ ಹೇಳ್ಬೇಡಿ," ಎಂದಿದ್ದರು. ಸಾಹೇಬರು ಹೊರಟಾಗ ಅಕ್ಕನೂ ಹೊರಟರು.

"ನೀನ್ಯಾಕೆ?"

"ನೀನು ಜನರ ಮುಂದೆ ಎದ್ದು ನಿಂತರೆ ಕೂರಲ್ಲ. ಕೂರಿಸೋಕೆ ಯಾರಾದ್ರೂ ಬೇಕು."

ದಾರಿಯಲ್ಲಿ ಸಾಹೇಬರು ತಮ್ಮ ವಾದವನ್ನು ಅಕ್ಕನ ಮೇಲೆ ಪ್ರಯೋಗಿಸಿ ನೋಡಿದರು. ಒಂದು ಕಟ್ಟಡಕ್ಕೆ ಎರಡು ಬಾಗಿಲು ಇರುವುದು ವ್ಯವಸ್ಥೆ, ಅದರಲ್ಲಿ ಯಾರಿಗೂ ಅವಮಾನ ಇಲ್ಲ ಎಂದರು. "ಕೋರ್ಟಿನಲ್ಲಿ ನನಗೂ ಬೇರೆ ಬಾಗಿಲು, ಬೇರೆ ಲಿಫ್ಟು ಇತ್ತಲ್ಲ. ನಾನು ಯಾವತ್ತಾದ್ರೂ ಬೇಜಾರು ಮಾಡ್ಕೊಂಡಿದ್ನಾ?"

"ಅದು ಯಾಕೆ ಇಟ್ಟಿದ್ರು?"

"ಗೌರವಕ್ಕೆ."

"ಹಾಗಾದ್ರೆ ಇವರಿಗೂ ಗೌರವಕ್ಕೇ ಇಟ್ಟಿದೀವಿ ಅಂತ ಬೋರ್ಡಿನ ಕೆಳಗೆ ಒಂದು ಸಾಲು ಸೇರಿಸ್ಬಿಡು. ಗಲಾಟೆ ಮುಗಿಯುತ್ತೆ."

ಸಾಹೇಬರು ಅಂಗಡಿಯ ಕಡೆ ಹೆಜ್ಜೆ ಬೀಸಾಗಿ ಹಾಕಿದರು.

ಇಸ್ತ್ರಿ ಅಂಗಡಿಯ ಒಳಗೆ ಕಾದ ಬಟ್ಟೆಯ ವಾಸನೆ ತುಂಬಿತ್ತು. ಗಂಟುಗಳನ್ನು ಗೋಡೆಗೆ ಸರಿಸಿ ಜಾಗ ಮಾಡಿ, ಇಪ್ಪತ್ತು ಮೂವತ್ತು ಜನ ಒತ್ತೊತ್ತಾಗಿ ಕೂತಿದ್ದರು. ಇಬ್ಬರನ್ನು ಕಂಡ ಕೂಡಲೇ ಮಾತು ನಿಂತಿತು. ಚಳವಳಿಗೆ ಇಸ್ತ್ರಿಯಮ್ಮನೇ ನಾಯಕಿ. ಎತ್ತರದ, ಗಟ್ಟಿ ದನಿಯ ಹೆಂಗಸು. ಪತ್ರಿಕೆಯಲ್ಲಿ ಒಮ್ಮೆ ತಮ್ಮ ಫೋಟೋ ಬಂದ ಮೇಲೆ ಮಾತಾಡುವಾಗ ಒಂದು ಕಡೆ ಮುಖ ತಿರುಗಿಸಿ ನಿಲ್ಲುವ ಅಭ್ಯಾಸ ಮಾಡಿಕೊಂಡಿದ್ದರು. ಅವರು ಇಸ್ತ್ರಿ ಮೇಜಿನ ಪಕ್ಕ ಇದ್ದ ಒಂದೇ ಕುರ್ಚಿಯನ್ನು ಸಾಹೇಬರಿಗೆ ತೋರಿಸಿದರು. ಕುರ್ಚಿಯಲ್ಲಿ ಅಕ್ಕ ಕೂತರು. ಸಾಹೇಬರಿಗೆ ಒಂದು ಬಟ್ಟೆ ಗಂಟು ಸಿಕ್ಕಿತು.

"ನಾನು ಒಂದು ಪ್ರಶ್ನೆ ಕೇಳೋಕೆ ಬಂದಿದ್ದೀನಿ," ಎಂದು ಅವರು ಗಂಟಿನ ಮೇಲಿಂದ ಸಾಧ್ಯವಾದಷ್ಟು ನೇರವಾಗಿ ಕೂತು ಹೇಳಿದರು. "ನಿಮಗೆ ನಮ್ಮ ಮೇಲೆ ದ್ವೇಷ ಇದೆಯಾ?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಒಬ್ಬ ಡ್ರೈವರ್ ಕೈ ಎತ್ತಿದ. "ನನಗೆ ನಮ್ಮ ಯಜಮಾನರ ಮೇಲೆ ಇದೆ ಸಾರ್. ಆದ್ರೆ ಅದು ನನ್ನ ಸ್ವಂತದ್ದು. ಸಂಘಟನೆಗೂ ಅದಕ್ಕೂ ಸಂಬಂಧ ಇಲ್ಲ."

ಎಲ್ಲರೂ ನಕ್ಕರು. ಇಸ್ತ್ರಿಯಮ್ಮ ಮಾತ್ರ ಮುಖ ತಿರುಗಿಸಿ ನಿಂತು, "ನಮ್ಮ ಹೋರಾಟ ಬೋರ್ಡಿನ ವಿರುದ್ಧ, ಮನುಷ್ಯರ ವಿರುದ್ಧ ಅಲ್ಲ," ಎಂದರು.

"ನಾಳೆ ಆ ಬೋರ್ಡು ತೆಗೆದುಬಿಟ್ರೆ ಏನು ಮಾಡ್ತೀರಿ? ಇನ್ನೇನು ಕೇಳ್ತೀರಿ?"

ಇಸ್ತ್ರಿಯಮ್ಮನಿಗೆ ಈ ಪ್ರಶ್ನೆಗೆ ಭಾಷಣ ತಯಾರಿರಲಿಲ್ಲ. ಅವರು ಸುತ್ತಲಿನ ಗಂಟುಗಳನ್ನು ನೋಡಿದರು. "ಮನೆಗೆ ಹೋಗ್ತೀವಿ ಸಾರ್. ಭಾನುವಾರ ಆದ್ರೆ ಮೆರವಣಿಗೆ ಅಂತ ಕೆಲಸ ಎಲ್ಲಾ ಹಾಗೇ ಬಿದ್ದಿದೆ. ನೀವು ಕೂತಿರೋದು ಹೋದ ವಾರದ ಗಂಟು."

ಸಾಹೇಬರು ಮನಸ್ಸಿನಲ್ಲೇ ಇದನ್ನು ಗುರುತು ಹಾಕಿಕೊಂಡರು. ಅವರು ಕಟಕಟೆಯಲ್ಲಿ ಕಂಡಿದ್ದ ಆ ಇನ್ನೊಂದು ಥರದ ಗುಂಪುಗಳಿಗೆ ಇಂಥದ್ದು ಕೊಟ್ಟರೆ ಮನೆಗೆ ಹೋಗುತ್ತೇವೆ ಎನ್ನುವ ಮಾತೇ ಇರುತ್ತಿರಲಿಲ್ಲ. ಎದುರಿನವರು ಊರಲ್ಲೇ ಇರಬಾರದು ಎನ್ನುವುದು ಅವರ ಬೇಡಿಕೆಯಾಗಿರುತ್ತಿತ್ತು.

"ಸರಿ. ಗಾಜು ಒಡೆದವರು ಯಾರು?"

"ಅವರು ನಮ್ಮವರಲ್ಲ," ಎಂದು ಇಸ್ತ್ರಿಯಮ್ಮ ತಟ್ಟನೆ ಹೇಳಿದರು. "ಹೊರಗಿನವರು ಯಾರೋ ನುಗ್ಗಿದ್ರು."

ಅಂಗಡಿಯಲ್ಲಿ ಯಾರೂ ಅಲುಗಾಡಲಿಲ್ಲ. ಇಂಥ ನಿಶ್ಶಬ್ದವನ್ನು ಸಾಹೇಬರು ವರ್ಷಗಟ್ಟಲೆ ಕೇಳಿದ್ದರು. ಸುಳ್ಳು ಹೇಳಿದಾಗ ಇಡೀ ಕೋರ್ಟು ಹೀಗೆಯೇ ಉಸಿರು ಹಿಡಿಯುತ್ತಿತ್ತು.

ಬಾಗಿಲ ಹತ್ತಿರ ಕೂತಿದ್ದ ಒಬ್ಬ ಸಣಕಲ ಆಸಾಮಿ ಎದ್ದು ನಿಂತ. ಟೈಲ್ಸ್ ಮೇಸ್ತ್ರಿ. ಎಲ್ಲರೂ ಅವನನ್ನು ಮೌನಿ ಎಂದು ಕರೆಯುತ್ತಿದ್ದರು. ಮಾತು ಶುರುಮಾಡಿದರೆ ನಿಲ್ಲಿಸುವುದಿಲ್ಲ ಎಂಬ ಕಾರಣಕ್ಕೆ.

"ನಾನೇ ಸಾರ್. ಹೊರಗಿನವರು ಯಾರೂ ಇಲ್ಲ, ಒಡೆದಿದ್ದು ನಾನೇ. ಆ ಲಾಬಿ ಟೈಲ್ಸ್ ಎಲ್ಲಾ ನಾನೇ ಹಾಕಿದ್ದು. ಮಂಡಿಯೂರಿ, ಒಂದೊಂದಾಗಿ, ಕೂದಲೆಳೆ ವ್ಯತ್ಯಾಸ ಬರದ ಹಾಗೆ. ಕೆಲಸ ಮುಗಿದ ಮಾರನೇ ದಿನ ಬಿಟ್ಟುಹೋಗಿದ್ದ ಮಟ್ಟಗೋಲು ತಗೊಳ್ಳೋಕೆ ಬಂದೆ, ಇದರ ಮೇಲೆ ನಡೀಬೇಡ, ಹಿಂದಿನಿಂದ ಬಾ ಅಂದ್ರು. ಅವತ್ತು ನಗಾಡ್ಕೊಂಡು ಹೋದೆ. ಮೊನ್ನೆ ಮೆಟ್ಟಿಲ ಮೇಲೆ ನಿಂತು ಒಳಗೆ ನೋಡಿದೆ, ಅದೇ ಟೈಲ್ಸ್, ಅದೇ ಹೊಳಪು, ಯಾರದೋ ನಾಯಿ ಅದರ ಮೇಲೆ ಕೂತಿತ್ತು. ಸಾಕುಪ್ರಾಣಿಗೂ ಅದೇ ಬೋರ್ಡ್ ಅಲ್ವಾ ಸಾರ್, ನಾಯೀನೂ ರೂಲ್ಸ್ ಪಾಲಿಸ್ತಾ ಇರಲಿಲ್ಲ. ಕೈಯಲ್ಲಿ ಸ್ಟೀಲ್ ನೀರಿನ ಬಾಟ್ಲಿ ಇತ್ತು. ಎಸೆದೆ. ಗಟ್ಟಿ ಗಾಜು, ಏನೂ ಆಗಲ್ಲ ಅಂತ ಅಂದ್ಕೊಂಡಿದ್ದೆ. ಆ ಗಾಜು ಹಾಕಿದವನೂ ಹಾಗೇ ಹೇಳಿದ್ದ, ಅವನ್ನ ನಂಬಿದ್ದು ತಪ್ಪು—"

"ಸಾಕು ಕೂತ್ಕೊಳ್ಳೋ," ಎಂದರು ಇಸ್ತ್ರಿಯಮ್ಮ.

ಆದರೆ ಹಿಂದಿನ ಸಾಲಿನಿಂದ ಚಪ್ಪಾಳೆ ಕೇಳಿತು. ಮೊದಲು ಒಬ್ಬರದು, ಆಮೇಲೆ ಇನ್ನೂ ಕೆಲವರದು. "ಒಡೆದಿದ್ದಕ್ಕೇ ಜಡ್ಜು ನಮ್ಮ ಅಂಗಡಿ ತನಕ ಬಂದಿರೋದು. ಇಷ್ಟು ದಿನ ಹಾಡು ಹೇಳಿದ್ವಲ್ಲ, ಯಾರು ಬಂದ್ರು?" ಎಂದ ಡ್ರೈವರ್. ಇಸ್ತ್ರಿಯಮ್ಮ ಮೇಜು ಗುದ್ದಿದರು. "ಒಡೆದಿದ್ದಕ್ಕೇ ನಮ್ಮ ಹೆಸರು ಹಾಳಾಗಿರೋದು." ಎಲ್ಲರೂ ಒಟ್ಟಿಗೆ ಬಾಯಿ ಹಾಕಿದರು. ಬೋರ್ಡಿಗೆ ಬಣ್ಣ ಬಳಿದಿದ್ದು ಸರಿ, ಗಾಜು ತಪ್ಪು ಎಂದವರು ಕೆಲವರು. ಎರಡೂ ಸರಿ ಎಂದವರು ಕೆಲವರು. ಬಣ್ಣ ಕೆಂಪು ಬೇಡ, ನೀಲಿ ಇರಬೇಕಿತ್ತು ಎಂದು ಪೇಂಟರ್ ಒಬ್ಬ ಬೇರೆಯದೇ ಜಗಳ ತೆಗೆದ.

ಗಲಾಟೆ ಸ್ವಲ್ಪ ಇಳಿದಾಗ ಅಕ್ಕ ಕೂತಲ್ಲಿಂದಲೇ ಕೇಳಿದರು. "ವಾಚ್‌ಮನ್ ಕೈ ನೋಡೋಕೆ ಯಾರ್ಯಾರು ಹೋಗಿದ್ರಿ?"

ದನಿ ಏನೂ ಎತ್ತರವಾಗಿರಲಿಲ್ಲ. ಆದರೆ ರೋಗಿಯ ಜ್ವರ ಯಾಕೆ ಬರೆದಿಟ್ಟಿಲ್ಲ ಎಂದು ರಾತ್ರಿ ಪಾಳಿಯ ನರ್ಸುಗಳನ್ನು ಕೇಳುವ ದನಿ ಅದು. ಚಪ್ಪಾಳೆ ಹೊಡೆದವರು ನೆಲ ನೋಡಿದರು. ಅಡುಗೆಯಮ್ಮ ದಿನಾ ಅದೇ ಗೇಟು ದಾಟುತ್ತಿದ್ದವರು. ಅವರೂ ಸೆರಗಿನ ತುದಿ ತಿರುಚತೊಡಗಿದರು. ಮೌನಿ ಮೊದಲ ಬಾರಿಗೆ ತನ್ನ ಹೆಸರಿಗೆ ತಕ್ಕ ಹಾಗೆ ನಿಂತಿದ್ದ.

"ಒಡೆದಿದ್ದು ಯಾರ ಬಾಗಿಲು, ಕೊಯ್ದಿದ್ದು ಯಾರ ಕೈ ನೋಡಿ," ಎಂದು ಅಕ್ಕ ಎದ್ದರು. "ನಡಿ ಪುಟ್ಟು, ಹೊತ್ತಾಯ್ತು."

ಪುಟ್ಟು ಎಂಬುದನ್ನು ಇಡೀ ಚಳವಳಿ ಕೇಳಿಸಿಕೊಂಡಿತು. ಮಾರನೇ ದಿನದ ಹೊತ್ತಿಗೆ ಇಡೀ ಕಟ್ಟಡದ ಅಡುಗೆಮನೆಗಳಿಗೆಲ್ಲ ಆ ಹೆಸರು ತಲುಪಿತ್ತು.

ಮೌನಿ ಅದೇ ಮಾರನೇ ದಿನ ವಾಚ್‌ಮನ್ ತಾತನ ಮನೆಗೆ ಹೋದ. ಆಮೇಲೆ ನಡೆದಿದ್ದನ್ನು ಅಡುಗೆಯಮ್ಮ ಬಂದು ವರದಿ ಮಾಡಿದರು. ತಾತ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಗೊತ್ತಿರುವ ಬೈಗುಳಗಳನ್ನೆಲ್ಲ ಬೈದರಂತೆ. ಮುಗಿದ ಮೇಲೆ ದಣಿವಾಗಿ ನೀರು ಕೇಳಿದರಂತೆ. ಮೌನಿಯೇ ಒಳಗೆ ಹೋಗಿ ತಂದುಕೊಟ್ಟನಂತೆ. ಅಷ್ಟರಲ್ಲಿ ತಾತನ ಹೆಂಡತಿ, "ಬೈದಿದ್ದು ಆಯ್ತಲ್ಲ, ಈಗ ನಮ್ಮ ಬಚ್ಚಲುಮನೆ ನೋಡು, ನೀರು ಬಾಗಿಲ ಕಡೆಗೇ ಹರಿಯುತ್ತೆ," ಎಂದು ಅವನನ್ನು ಒಳಗೆ ಎಳೆದುಕೊಂಡು ಹೋದರಂತೆ. ಸಂಜೆ ತನಕ ಅವನು ಬಚ್ಚಲುಮನೆಯ ಹಳೇ ಕಲ್ಲು ಕೀಳುತ್ತಿದ್ದ. ತಾತ ಬಾಗಿಲಲ್ಲಿ ಕೂತು ಉಳಿದ ಬೈಗುಳ ನೆನಪಾದಾಗಲೆಲ್ಲ ಒಂದೊಂದು ಸೇರಿಸುತ್ತಿದ್ದರು.

"ಕ್ಷಮಿಸಿದ್ರಾ?" ಎಂದರು ಸಾಹೇಬರು.

"ಇಳಿಜಾರು ಸರಿ ಬಂದ ಮೇಲೆ ಹೇಳ್ತೀನಿ ಅಂದಿದಾರೆ."

ಭಾನುವಾರ ಸಂಜೆ ನಿವಾಸಿಗಳ ಮೀಟಿಂಗು ಲಾಬಿಯಲ್ಲೇ ನಡೆಯಿತು. ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಎದುರಿಗೆ ಒಂದು ಮೇಜು, ಹಿಂದೆ ಪ್ಲೈವುಡ್ ಬಾಗಿಲು. ಸಾಹೇಬರು ಹಳೇ ಕಪ್ಪು ಕೋಟನ್ನು ಹಾಕಿಕೊಂಡು ಬಂದಿದ್ದರು. ಅವರ ಕೈಯಲ್ಲಿದ್ದ ಹಾಳೆಗಳ ದಪ್ಪ ನೋಡಿ ಮುಂದಿನ ಸಾಲಿನವರು ಫೋನುಗಳನ್ನು ಮೆಲ್ಲಗೆ ಹೊರಗೆ ತೆಗೆದರು.

ಅವರು ಪೀಠಿಕೆ ಓದಿದರು. ಲಿಫ್ಟು ಎಂಬುದು ಜಗತ್ತಿಗೆ ಬಂದ ಬಗೆಯನ್ನು ಸಂಕ್ಷಿಪ್ತವಾಗಿ ಎಂದು ಹೇಳಿ ವಿಸ್ತಾರವಾಗಿ ಓದಿದರು. ಎರಡನೇ ಪುಟ ತಿರುವುವಾಗ ಹಲ್ಲಿನ ಡಾಕ್ಟರು ತಡೆಯಲಾರದೆ, "ಸಾಹೇಬ್ರೆ, ಒಂದೇ ಮಾತಲ್ಲಿ ಹೇಳಿ. ದ್ವೇಷದ ಗುಂಪು ಹೌದಾ, ಅಲ್ವಾ?" ಎಂದರು.

ಸಾಹೇಬರು ಅಕ್ಕನ ಕಡೆ ನೋಡಿದರು. ಅಕ್ಕ ಹೇಳು ಎನ್ನುವಂತೆ ತಲೆಯಾಡಿಸಿದರು. ಅವರು ಹಾಳೆಗಳನ್ನು ಮಡಿಚಿ ಕೋಟಿನ ಜೇಬಿಗೆ ಇಟ್ಟುಕೊಂಡರು.

"ಅಲ್ಲ."

ಕುರ್ಚಿಗಳು ಕಿರುಗುಟ್ಟಿದವು. ಐದನೇ ಮಹಡಿಯ ಸಂಗೀತದ ಟೀಚರು ಎದ್ದು ನಿಂತರು. ಅವರು ಸುಲಭಕ್ಕೆ ಸಿಟ್ಟಾಗುವವರಲ್ಲ. "ನಾನು ಅವತ್ತು ಇಲ್ಲೇ ಇದ್ದೆ ಸರ್. ಮೊಮ್ಮಗಳ ಕೈ ಹಿಡ್ಕೊಂಡು ಆ ಕಂಬದ ಹಿಂದೆ ನಿಂತಿದ್ದೆ. ಗಾಜು ಬಿದ್ದ ಸದ್ದಿಗೆ ಮಗು ಇನ್ನೂ ಬೆಚ್ಚಿಬೀಳ್ತಾಳೆ. ಅಷ್ಟು ಜನ ನಮ್ಮ ಕಡೆ ನೋಡಿ ಕೂಗ್ತಾ ಇದ್ರು. ಅದು ದ್ವೇಷ ಅಲ್ದೆ ಇದ್ರೆ ನನಗೆ ಯಾಕೆ ಹಾಗನ್ನಿಸ್ತು?"

ಸಾಹೇಬರು ಅವರ ಕಡೆ ತಿರುಗಿದರು. "ನಿಮಗಾದ ಭಯ ನಿಜ. ಅದನ್ನ ನಾನು ಸಣ್ಣದು ಮಾಡಲ್ಲ. ಆ ಕೂಗಿದವರೂ ಅದನ್ನ ಕೇಳಿಸ್ಕೋಬೇಕು, ನಾನು ಹೇಳ್ತೀನಿ. ಆದ್ರೆ ನಮ್ಮ ಭಯ ನಮ್ಮ ಬಗ್ಗೆ ಹೇಳುತ್ತೆ, ಅವರ ಮನಸ್ಸಿನ ಬಗ್ಗೆ ಅಲ್ಲ. ನಾನು ಹೋಗಿ ಕೇಳಿದೆ. ಅವರಲ್ಲಿ ಸಿಟ್ಟಿದೆ. ಸುಳ್ಳೂ ಇದೆ. ಒಡೆದಿದ್ದಕ್ಕೆ ಚಪ್ಪಾಳೆ ಹೊಡೆದವರೂ ಇದ್ದಾರೆ, ಅದು ನನಗೆ ಹಿಡಿಸಲಿಲ್ಲ. ನಾಳೆ ಚಪ್ಪಾಳೆ ಹೊಡೆಯೋರೇ ಜಾಸ್ತಿ ಆಗಿ, ಕೈ ಕೊಯ್ಸಿಕೊಂಡವನನ್ನ ಯಾರೂ ಕೇಳದೆ ಹೋದ್ರೆ, ಅವತ್ತು ನಾನೇ ಬಂದು ಬೇರೆ ಮಾತು ಹೇಳ್ತೀನಿ. ಇವತ್ತು ಅವರು ಕೇಳ್ತಿರೋದು ನಾವು ಇಲ್ಲಿಂದ ಹೋಗ್ಬೇಕು ಅಂತಲ್ಲ. ನಮ್ಮ ಜೊತೆ ಲಿಫ್ಟಲ್ಲಿ ಬರ್ತೀವಿ ಅಂತ. ನಮ್ಮನ್ನ ದ್ವೇಷ ಮಾಡೋರು ಅಷ್ಟು ಇಕ್ಕಟ್ಟಿನ ಜಾಗದಲ್ಲಿ ನಮ್ಮ ಪಕ್ಕ ನಿಲ್ಲೋಕೆ ಯಾಕೆ ಆಸೆಪಡ್ತಾರೆ?"

ಹಿಂದೆ ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು.

"ಹಾಗಾದ್ರೆ ಗಾಜು ಒಡೆದವನನ್ನ ಸುಮ್ನೆ ಬಿಡೋದಾ?" ಎಂದರು ಡಾಕ್ಟರು.

"ಯಾರು ಬಿಡಿ ಅಂದ್ರು? ಒಡೆದವನು ಹೊರಗೆ ನಿಂತಿದ್ದಾನೆ. ಪೊಲೀಸ್ ಕಂಪ್ಲೇಂಟು ಕೊಡ್ಬೇಕು, ಅವನು ಹೋಗಿ ಒಪ್ಪಿಕೊಳ್ಬೇಕು. ನಾನು ಅವನಿಗೆ ಹಾಗೇ ಹೇಳಿದ್ದೀನಿ."

ಪ್ಲೈವುಡ್ ಬಾಗಿಲು ತಳ್ಳಿಕೊಂಡು ತಾತ ಒಳಗೆ ಬಂದರು. ಹಿಂದೆ ಮೌನಿ. ಅವನು ಟೈಲ್ಸ್ ಮೇಲೆ ಕಾಲಿಡುವ ಮುನ್ನ ಒಂದು ಕ್ಷಣ ನಿಂತ, ಆಮೇಲೆ ಬಂದ. ಡಾಕ್ಟರು ಕಣ್ಣು ಕಿರಿದು ಮಾಡಿ ನೋಡಿದರು.

"ನಮ್ಮ ಕ್ಲಿನಿಕ್ಕಿಗೆ ಟೈಲ್ಸ್ ಹಾಕಿದವನಲ್ವಾ ನೀನು?"

"ಹೌದು ಸಾರ್. ಮೂಲೆ ಹತ್ರ ಒಂದು ಸ್ವಲ್ಪ ಎದ್ದಿರ್ಬೇಕು ಈಗ, ಆವತ್ತೇ ಹೇಳಿದ್ದೆ, ಸಿಮೆಂಟು ಒಣಗೋಕೆ ಬಿಡಿ ಅಂತ, ನೀವು ಅವಸರ ಮಾಡಿ ಕುರ್ಚಿ ಇಡಿಸಿದ್ರಿ—"

"ಎದ್ದಿದೆ," ಎಂದು ಡಾಕ್ಟರು ಒಪ್ಪಿಕೊಂಡುಬಿಟ್ಟರು. ಆಮೇಲೆ ತಾವು ಅಧ್ಯಕ್ಷರೆಂಬುದು ನೆನಪಾಗಿ ಗಂಟಲು ಸರಿಮಾಡಿಕೊಂಡರು. "ಅದು ಬೇರೆ ವಿಷಯ. ಸಾಹೇಬ್ರೆ, ಆ ಬೋರ್ಡು ಇರೋದು ದುರುದ್ದೇಶಕ್ಕಲ್ಲ. ಬಣ್ಣದ ಡಬ್ಬಿ, ಮೂಟೆ, ಏಣಿ ಎಲ್ಲಾ ಈ ಲಿಫ್ಟಲ್ಲಿ ಬಂದ್ರೆ ಏನು ಗತಿ?"

"ಒಪ್ತೀನಿ. ಹಾಗಾದ್ರೆ ಡಬ್ಬಿ, ಮೂಟೆ, ಏಣಿ ಅಂತ ಬರೀರಿ. ಬೋರ್ಡಲ್ಲಿ ಅವು ಒಂದೂ ಇಲ್ಲ. ಬರೀ ಜನ ಇದ್ದಾರೆ. ಜೊತೆಗೆ ನಾಯಿ."

ವಾದ ಕತ್ತಲಾಗುವ ತನಕ ನಡೆಯಿತು. ಕೊನೆಗೆ ಕೈ ಎತ್ತಿಸಿದಾಗ ದ್ವೇಷ ಎಂಬ ಪದ ಬಿದ್ದುಹೋಯಿತು, ತುಂಬಾ ಅಂತರದಿಂದಲ್ಲ. ಸಂಗೀತದ ಟೀಚರು ಯಾವ ಕಡೆಗೂ ಕೈ ಎತ್ತಲಿಲ್ಲ. ಪದ ಬಿದ್ದ ಮೇಲೆ, ಅವರು ಕೆಲಸಕ್ಕೆ ಬರಬಾರದೆಂಬ ಎರಡನೇ ಸಾಲಿಗೆ ಕಾಲೇ ಇಲ್ಲದಂತಾಗಿ ಅದೂ ಬಿತ್ತು. ಗಾಜಿಗೆ ಕಂಪ್ಲೇಂಟು ಕೊಡುವುದೆಂದು ಎಲ್ಲರೂ ಒಪ್ಪಿದರು. ಬೋರ್ಡಿನ ವಿಷಯ 'ಪರಿಶೀಲನೆಗೆ' ಎಂದು ಬರೆದುಕೊಂಡರು. ಸಂಘದಲ್ಲಿ ಪರಿಶೀಲನೆಗೆ ಹೋದದ್ದು ಯಾವತ್ತೂ ತಿರುಗಿ ಬಂದದ್ದಿರಲಿಲ್ಲ. ಆದರೆ ಕೆಂಪು ಬಣ್ಣ ಬಿದ್ದ ಬೋರ್ಡನ್ನು ಒರೆಸಲು ಯಾರೂ ಕೈ ಹಾಕಲಿಲ್ಲ. ಒಂದು ದಿನ ತಾತನೇ ಅದನ್ನು ಕಳಚಿ ತಮ್ಮ ಕೋಣೆಯಲ್ಲಿ ಸೋರುವ ಕಿಟಕಿಗೆ ಅಡ್ಡ ಇಟ್ಟುಕೊಂಡರು.

ಮೌನಿಯನ್ನು ಪೊಲೀಸರ ಹತ್ತಿರ ಕಳಿಸಿದ್ದಕ್ಕೆ ಅಡುಗೆಯಮ್ಮ ಸಾಹೇಬರ ಮೇಲೆ ಮುನಿಸಿಕೊಂಡರು. ತಟ್ಟೆಯನ್ನು ಸ್ವಲ್ಪ ದೂರದಲ್ಲೇ ಇಟ್ಟು ಹೋಗತೊಡಗಿದರು. ಎದುರು ಫ್ಲಾಟಿನ ಡಾಕ್ಟರೂ ಸಿಕ್ಕರೆ ಫೋನು ನೋಡುತ್ತಾ ಹೋಗುತ್ತಿದ್ದರು. ಸಾಹೇಬರಿಗೆ ಇದರಿಂದ ಸಂತೋಷವೇ ಆಯಿತು.

"ಎರಡೂ ಕಡೆಯವರಿಗೆ ಬೇಜಾರಾಗಿದೆ ಅಂದ್ರೆ ತೀರ್ಪು ಸರಿ ಇದೆ ಅಂತ ಅರ್ಥ ಅಕ್ಕ."

"ಎರಡು ಸಲ ತಪ್ಪಾಗಿದೆ ಅಂತಾನೂ ಇರಬಹುದು," ಎಂದರು ಅಕ್ಕ. ಆದರೆ ಆವತ್ತು ಅವರಿಗೆ ಕಾಫಿ ತಾವೇ ಮಾಡಿಕೊಟ್ಟರು.

ಮೌನಿಗೆ ದಂಡ ಬಿತ್ತು, ಎಚ್ಚರಿಕೆ ಕೊಟ್ಟು ಕಳಿಸಿದರು. ಹೊಸ ಗಾಜು ಬಂದ ದಿನ ಅವನೂ ಬಂದು, ಗಾಜಿನವರಿಗೆ ಯಾರೂ ಕೇಳದ ಸಲಹೆಗಳನ್ನೆಲ್ಲ ಕೊಡುತ್ತಾ ನಿಂತಿದ್ದ. ಸಾಹೇಬರೂ ಅಕ್ಕನೂ ತರಕಾರಿ ಚೀಲ ಹಿಡಿದು ಹೊರಗಿನಿಂದ ಬರುವಾಗ ಮುಂದಿನ ಲಿಫ್ಟಿನ ಬಾಗಿಲು ತೆರೆದೇ ಇತ್ತು. ಒಳಗೆ ಹಲ್ಲಿನ ಡಾಕ್ಟರು. ಅವರ ಬೆರಳು ಬಾಗಿಲು ತೆರೆದಿಡುವ ಗುಂಡಿಯ ಮೇಲಿತ್ತು. ಎದುರಿಗೆ ಅಡುಗೆಯಮ್ಮ ಚೀಲ ಹಿಡಿದು ನಿಂತಿದ್ದರು. ಡಾಕ್ಟರು ಬನ್ನಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಗುಂಡಿಯ ಮೇಲಿನ ಬೆರಳನ್ನೂ ತೆಗೆಯಲಿಲ್ಲ. ಅಡುಗೆಯಮ್ಮ ಚಪ್ಪಲಿಯನ್ನು ಕಾಲೊರಸಿಗೆ ಎರಡು ಸಲ ಜೋರಾಗಿ ಉಜ್ಜಿ ಒಳಗೆ ಹೋದರು. ಇಬ್ಬರೂ ಬಾಗಿಲ ಕಡೆ ಮುಖ ಮಾಡಿ, ಗುರುತಿಲ್ಲದವರ ಹಾಗೆ ನಿಂತರು. ಲಿಫ್ಟು ಮುಚ್ಚಿ ಮೇಲೆ ಹೋಯಿತು.

"ಏನು ಮಾತಾಡ್ತಾ ಇರಬಹುದು?" ಎಂದರು ಸಾಹೇಬರು.

"ಏನೂ ಇಲ್ಲ. ಲಿಫ್ಟಲ್ಲಿ ಯಾರು ಮಾತಾಡ್ತಾರೆ. ಬಾ, ಅದು ಇಳಿದು ಬರೋ ಹೊತ್ತಿಗೆ ನನ್ನ ಕಾಲು ಬಿದ್ದುಹೋಗುತ್ತೆ," ಎಂದು ಅಕ್ಕ ಹಿಂದಿನ ಲಿಫ್ಟಿನ ಕಡೆ ನಡೆದರು.

ಇಷ್ಟು ವರ್ಷದಲ್ಲಿ ಸಾಹೇಬರು ಅದರೊಳಗೆ ಕಾಲಿಟ್ಟಿರಲಿಲ್ಲ. ಗುಂಡಿಗಳ ಮೇಲಿನ ಅಂಕಿಗಳು ಸವೆದುಹೋಗಿದ್ದವು. ಮೂರನೆಯದು ಯಾವುದೆಂದು ಅವರು ಬಗ್ಗಿ ಹುಡುಕುತ್ತಿರುವಾಗ ಅಕ್ಕ ನೋಡದೆಯೇ ಒತ್ತಿದರು.

"ನಿನಗೆ ಹೇಗೆ ಗೊತ್ತು?"

"ನಾನ್ಯಾವಾಗಲೂ ಇದರಲ್ಲೇ ಬರೋದು. ಆ ಲಿಫ್ಟಲ್ಲಿ ಹೋದ್ರೆ ಪರಿಚಯದವರು ಸಿಕ್ಕಿ ಮಂಡಿನೋವಿಗೆ ಔಷಧಿ ಕೇಳ್ತಾರೆ."

ಮೊದಲ ಮಹಡಿಯಲ್ಲಿ ಲಿಫ್ಟು ನಿಂತು, ತಲೆಯ ಮೇಲೆ ದೊಡ್ಡ ಗಂಟು ಹೊತ್ತ ಇಸ್ತ್ರಿಯಮ್ಮ ಒಳಗೆ ನುಗ್ಗಿದರು. ಗಂಟಿನ ಅಡಿಯಿಂದ ಯಾರಿದ್ದಾರೆಂದು ಅವರಿಗೆ ಕಾಣುತ್ತಿರಲಿಲ್ಲ.

"ಸ್ವಲ್ಪ ಆ ಕಡೆ ಜರುಗಿ," ಎಂದರು.

ಸಾಹೇಬರು ತರಕಾರಿ ಚೀಲವನ್ನು ಎದೆಗೆ ಅವಚಿಕೊಂಡು ಮೂಲೆಗೆ ಜರುಗಿದರು.